ಕುಂಚ ಇಳಿಸಿ ಕತ್ತರಿ ಹಿಡಿದವನು

ಕಾಯಿಲೆಯಿಂದ ಎದ್ದು ಬಂದ ಕಲಾವಿದನ ಕತೆಯನ್ನು ನಾವು ಸಾಮಾನ್ಯವಾಗಿ ಸ್ಥಳಪುರಾಣದ ಧಾಟಿಯಲ್ಲಿ ಹೇಳುತ್ತೇವೆ. ಸಾವು ಹೊಸ್ತಿಲವರೆಗೆ ಬಂತು, ಯಾರದೋ ಪುಣ್ಯದಿಂದ ಹಿಂದಕ್ಕೆ ಹೋಯಿತು, ಹಾಸಿಗೆಯಲ್ಲಿ ಎದ್ದು ಕುಳಿತವನ ಕೈಗೆ ಹೊಸದೊಂದು ಕಲೆ ಒಲಿಯಿತು. ಕೇಳುವುದಕ್ಕೆ ಹಿತವಾದ ಕತೆ. ಆದರೆ ಈ ಕತೆಯಲ್ಲಿ ಎಲ್ಲವನ್ನೂ ಮಾಡುವುದು ಕಾಯಿಲೆ. ಕಲಾವಿದ ಬರೀ ವರ ಪಡೆದವನು. ಅದಕ್ಕೂ ಮೊದಲಿನ ಐವತ್ತು ವರ್ಷಗಳಲ್ಲಿ ಅವನು ಏನು ಕಲಿತ, ಯಾವ ಯಾವ ಕಸುಬಿನಲ್ಲಿ ಕೈ ಪಳಗಿಸಿಕೊಂಡ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಫ್ರೆಂಚ್ ಚಿತ್ರಕಾರ ಆನ್ರಿ ಮಾತೀಸನ ವಿಷಯದಲ್ಲಿ ಈ ಪುರಾಣ ಬಹಳ ಬೇಗ ಸಿದ್ಧವಾಯಿತು. 1941ರ ಜನವರಿಯಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿಗಾಗಿ ಲಿಯೋನ್ ನಗರದಲ್ಲಿ ಅವನಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲಿನ ತೊಡಕುಗಳು ಅವನನ್ನು ಸಾವಿನ ಹತ್ತಿರಕ್ಕೆ ಒಯ್ದವು. ಆದರೂ ಬದುಕಿದ. ಶುಶ್ರೂಷೆ ಮಾಡಿದ ಸನ್ಯಾಸಿನಿಯರು ಅವನಿಗೆ ‘ಸತ್ತು ಎದ್ದುಬಂದವನು’ ಎಂದೇ ಹೆಸರಿಟ್ಟರು. ಅವನೂ ಉಳಿದ ಆಯುಷ್ಯವನ್ನು ತನ್ನ ಎರಡನೆಯ ಬದುಕು ಎಂದು ಎಣಿಸಿಕೊಂಡ. 1954ರ ನವೆಂಬರ್ 3ರಂದು ನೀಸ್ ನಗರದಲ್ಲಿ ತೀರಿಕೊಳ್ಳುವವರೆಗಿನ ಹದಿಮೂರು ಚಿಲ್ಲರೆ ವರ್ಷಗಳಲ್ಲಿ ಅವನು ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಜೋಡಿಸಿದ ಚಿತ್ರಗಳು ಇಪ್ಪತ್ತನೆಯ ಶತಮಾನದ ಕಲೆಯ ದೊಡ್ಡ ಸಂಪತ್ತುಗಳಲ್ಲಿ ಒಂದು. ಲೋಕ ಅವನ್ನು ‘ಕಟೌಟ್’ ಎಂದು ಕರೆಯುತ್ತದೆ. ಕನ್ನಡದಲ್ಲಿ ಕಟೌಟ್ ಎಂದರೆ ಚಿತ್ರಮಂದಿರದ ಮುಂದೆ ಹೂವಿನ ಹಾರ ಹಾಕಿಸಿಕೊಂಡು ನಿಂತ ನಾಯಕನಟನೇ ಕಣ್ಣಿಗೆ ಬರುವುದರಿಂದ, ಇಲ್ಲಿ ಅವನ್ನು ‘ಕತ್ತರಿಚಿತ್ರ’ ಎಂದು ಕರೆಯುತ್ತೇನೆ.

ನನ್ನ ವಾದ ಇಷ್ಟು: ಕಾಯಿಲೆ ಮಾತೀಸನಿಗೆ ಹೊಸ ಕಲೆಯನ್ನು ಕೊಡಲಿಲ್ಲ. ಅವನೊಳಗೆ ಮೊದಲಿನಿಂದಲೂ ಇದ್ದ, ಚಿತ್ರಕಾರನ ಕೈಕೆಳಗೆ ಸಂಬಳದಾಳಿನಂತೆ ದುಡಿಯುತ್ತಿದ್ದ ವಿನ್ಯಾಸಕಾರನನ್ನು ಮುಂದಕ್ಕೆ ಕರೆದು ಕೂರಿಸಿತು. ಅವನು ಚಿತ್ರಕಲೆಗೆ ಮರಳಿದ್ದು ಆ ಆಳಿನ ಕೈ ಹಿಡಿದುಕೊಂಡು.

ಈ ಮಾತನ್ನು ನಾನು ದುಕ್ಮ್‌ನಿಂದ ಬರೆಯುತ್ತಿದ್ದೇನೆ ಎನ್ನುವುದಕ್ಕೂ ವಾದಕ್ಕೂ ಸಂಬಂಧವಿದೆ. ಮಸ್ಕತ್‌ನಿಂದ ಸುಮಾರು 550 ಕಿಲೋಮೀಟರ್ ದಕ್ಷಿಣಕ್ಕೆ, ಅರಬ್ಬೀ ಸಮುದ್ರದ ದಂಡೆಯಲ್ಲಿ, ಮೊನ್ನೆಮೊನ್ನೆಯವರೆಗೂ ಮೀನುಗಾರರ ಊರಾಗಿದ್ದ ಈ ಜಾಗ 2011ರಲ್ಲಿ ವಿಶೇಷ ಆರ್ಥಿಕ ವಲಯವಾಯಿತು. ಈಗ ಬಂದರು, ಹಡಗು ದುರಸ್ತಿಯ ಕಟ್ಟೆ, ತೈಲ ಸಂಸ್ಕರಣಾಗಾರ ಎಲ್ಲ ಇವೆ. ಇಂಥ ಊರಿಗೆ ಬಂದು ಸೇರುವ ನಮ್ಮವರಲ್ಲಿ ಡ್ರಾಫ್ಟ್ಸ್‌ಮನ್‌ಗಳು, ಪೈಪಿಂಗ್ ಡಿಸೈನರ್‌ಗಳು, ಬೋರ್ಡು ಬರೆಯುವವರು ಬೇಕಾದಷ್ಟು. ಇವರಲ್ಲಿ ಒಂದು ಕಾಲಕ್ಕೆ ಚಿತ್ರ ಬರೆಯುತ್ತಿದ್ದವರು, ಡ್ರಾಯಿಂಗ್ ಪರೀಕ್ಷೆ ಕಟ್ಟಿದವರು, ಕಾಲೇಜಿನ ಗೋಡೆಪತ್ರಿಕೆಗೆ ಶೀರ್ಷಿಕೆ ಬರೆದವರು ಇದ್ದೇ ಇರುತ್ತಾರೆ. ‘ಈಗ ಎಲ್ಲಿ, ಊರಿಗೆ ಹೋದ ಮೇಲೆ ನೋಡೋಣ’ ಎನ್ನುವುದು ಅವರ ಸಾಮಾನ್ಯ ಉತ್ತರ. ಹೊಟ್ಟೆಪಾಡಿನ ಗೆರೆ ಬೇರೆ, ಮನಸ್ಸಿನ ಗೆರೆ ಬೇರೆ ಎಂಬ ನಂಬಿಕೆ ಆ ಉತ್ತರದ ಹಿಂದಿದೆ. ಮಾತೀಸನ ಕೊನೆಯ ವರ್ಷಗಳು ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡುತ್ತವೆ.

ಮಾತೀಸ್ 1869ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿದ. ಬೆಳೆದದ್ದು ಬೊಹೈನ್ ಎಂಬ ನೇಕಾರರ ಊರಿನಲ್ಲಿ. ಶ್ರೀಮಂತರ ಮನೆಗಳಿಗೆ ಬೆಲೆಬಾಳುವ ರೇಷ್ಮೆ ಬಟ್ಟೆ ನೇಯುತ್ತಿದ್ದ ಊರು ಅದು. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಬೆಳೆದ ಹುಡುಗನಿಗೆ ಅಂಚು, ಸೆರಗು, ಒಡಲು ಯಾವ ಬಣ್ಣದ ಪಕ್ಕ ಯಾವುದು ಕೂರಬೇಕು ಎನ್ನುವುದು ಪಾಠವಿಲ್ಲದೆ ತಿಳಿಯುವಂತೆ ಅವನಿಗೂ ತಿಳಿದಿರಬೇಕು. ಕಾನೂನು ಓದಿ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾದ. ಇಪ್ಪತ್ತರ ಹರೆಯದಲ್ಲಿ ಅಪೆಂಡಿಸೈಟಿಸ್ ಆಗಿ ಹಾಸಿಗೆ ಹಿಡಿದಾಗ ಹೊತ್ತು ಕಳೆಯಲೆಂದು ತಾಯಿ ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಗುಮಾಸ್ತಿಕೆ ಅಲ್ಲಿಗೆ ಮುಗಿಯಿತು. ಅಂದರೆ ಅವನ ಚಿತ್ರಕಲೆ ಶುರುವಾದದ್ದೂ ಒಂದು ಹಾಸಿಗೆಯಲ್ಲಿಯೇ. ಪುರಾಣಪ್ರಿಯರಿಗೆ ಇದು ಹಬ್ಬದೂಟ. ನನಗೆ ಮುಖ್ಯವಾಗಿ ಕಾಣುವುದು ಬಣ್ಣದ ಪೆಟ್ಟಿಗೆ ಬರುವ ಮೊದಲೇ ಆ ಹುಡುಗನ ಕಣ್ಣಿನಲ್ಲಿದ್ದ ಬಟ್ಟೆಗಳು. ಅವನು ಜೀವನವಿಡೀ ಬಟ್ಟೆ ಕೂಡಿಟ್ಟ. ಅವನ ತೈಲಚಿತ್ರಗಳಲ್ಲಿ ಮೇಜುಹಾಸು, ಪರದೆ, ಜಮಖಾನೆಗಳು ಮನುಷ್ಯರಷ್ಟೇ ಜಾಗ ಹಿಡಿಯುತ್ತವೆ. 1910ರಲ್ಲಿ ಇಸ್ಲಾಮೀ ಕಲೆಯ ದೊಡ್ಡ ಪ್ರದರ್ಶನ ನೋಡಲೆಂದೇ ಮ್ಯೂನಿಕ್ಕಿಗೆ ಹೋದ. 1912 ಮತ್ತು 1913ರಲ್ಲಿ ಮೊರಾಕ್ಕೋದಲ್ಲಿ ಕೆಲಸ ಮಾಡಿದ. ಅಲಂಕಾರವನ್ನು ಚಿತ್ರದ ಅಂಚಿನಿಂದ ಎತ್ತಿ ನಡುಮನೆಗೆ ತರುವ ಧೈರ್ಯ ಅವನಿಗೆ ಬಂದದ್ದರಲ್ಲಿ ಈ ತಿರುಗಾಟದ ಪಾಲು ದೊಡ್ಡದು.

ಇನ್ನು ಕತ್ತರಿಯ ವಿಷಯ. ಅದು ಅವನ ಕೈಗೆ ಬಂದದ್ದು ಆಸ್ಪತ್ರೆಯಿಂದ ಬಂದ ಮೇಲಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ಸಂಗ್ರಾಹಕ ಆಲ್ಬರ್ಟ್ ಬಾರ್ನ್ಸ್‌ಗಾಗಿ ‘ನೃತ್ಯ’ ಎಂಬ ದೊಡ್ಡ ಭಿತ್ತಿಚಿತ್ರ ಮಾಡುವಾಗ, ಆಕೃತಿಗಳನ್ನು ಹಿಂದೆ ಮುಂದೆ ಸರಿಸಿ ನೋಡುವುದಕ್ಕೆ ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಗುಂಡುಪಿನ್ನಿನಿಂದ ಚುಚ್ಚಿದ. ಪ್ರತಿ ಬದಲಾವಣೆಗೂ ಇಡೀ ಗೋಡೆಗೆ ಮತ್ತೆ ಬಣ್ಣ ಬಳಿಯುವ ಕೆಲಸ ಇದರಿಂದ ತಪ್ಪಿತು. 1939ರಲ್ಲಿ ರಂಗಕ್ಕೆ ಬಂದ ಲಿಯೊನಿಡ್ ಮಾಸಿನ್‌ನ ಬ್ಯಾಲೆಗೆ ವೇಷಭೂಷಣ, ರಂಗಸಜ್ಜಿಕೆ ರೂಪಿಸುವಾಗಲೂ ಹೀಗೆಯೇ ಮಾಡಿದ. ಪತ್ರಿಕೆಯ ಮುಖಪುಟಕ್ಕೂ ಅದೇ ಉಪಾಯ. ಹೊಲಿಗೆಯವನು ಬಟ್ಟೆ ಕತ್ತರಿಸುವ ಮೊದಲು ಕಾಗದದ ಅಚ್ಚು ಕತ್ತರಿಸಿಕೊಳ್ಳುವ ಹಾಗೆ ಇದೆಲ್ಲ. ಕಾಗದ ನಿಜವಾದ ಕೆಲಸಕ್ಕೆ ಮೊದಲಿನ ತಯಾರಿ. ಕೆಲಸ ಮುಗಿದ ಮೇಲೆ ಅದಕ್ಕೆ ಬೆಲೆಯಿಲ್ಲ.

1941ರ ನಂತರ ಬದಲಾದದ್ದು ಈ ಬೆಲೆ. ಶಸ್ತ್ರಚಿಕಿತ್ಸೆ ಹೊಟ್ಟೆಯ ಸ್ನಾಯುಗಳನ್ನು ಹಾಳುಮಾಡಿತ್ತು. ಈಸೆಲ್ ಮುಂದೆ ಹೆಚ್ಚು ಹೊತ್ತು ನಿಲ್ಲುವುದಾಗಲಿಲ್ಲ. ದಿನದ ಹೆಚ್ಚು ಭಾಗ ಹಾಸಿಗೆ, ಉಳಿದದ್ದು ಗಾಲಿಕುರ್ಚಿ. ಅವನು ತೈಲಚಿತ್ರವನ್ನು ಕೂಡಲೇ ಬಿಡಲಿಲ್ಲ. ವಾಂಸ್ ಊರಿನಲ್ಲಿದ್ದಾಗ 1946–48ರಲ್ಲಿ ಬರೆದ ಕೋಣೆಯ ಒಳನೋಟದ ಚಿತ್ರಗಳು ಅವನ ಉತ್ತಮ ಕೃತಿಗಳ ಸಾಲಿನಲ್ಲಿಯೇ ಇವೆ. ಆದರೆ ಮಲಗಿದಲ್ಲಿ, ಕೂತಲ್ಲಿ, ನಿದ್ದೆ ಬಾರದ ರಾತ್ರಿಯಲ್ಲಿ ಮಾಡಬಹುದಾದ ಕೆಲಸ ಕತ್ತರಿಯದು. ಸಹಾಯಕಿಯರು ದೊಡ್ಡ ಹಾಳೆಗಳಿಗೆ ಗುವಾಶ್ ಬಳಿದು ಒಣಗಿಸುತ್ತಿದ್ದರು. ಗುವಾಶ್ ಎಂದರೆ ನಮ್ಮ ಶಾಲೆಯ ಪೋಸ್ಟರ್ ಬಣ್ಣದ ಜಾತಿಯದು, ಹೊಳಪಿಲ್ಲದ, ತುಂಬಿಕೊಂಡ ಬಣ್ಣ. ಮಾತೀಸ್ ಮೊದಲೇ ಗೆರೆ ಎಳೆದುಕೊಳ್ಳದೆ ನೇರ ಆ ಹಾಳೆಗೆ ಕತ್ತರಿ ಹಾಕುತ್ತಿದ್ದ. ಆಮೇಲೆ ಸಹಾಯಕಿಯರು ಅವನು ತೋರಿಸಿದಲ್ಲಿ ಆ ತುಂಡನ್ನು ಗೋಡೆಗೆ ಚುಚ್ಚುತ್ತಿದ್ದರು; ತುಸು ಮೇಲೆ, ಇನ್ನೂ ಎಡಕ್ಕೆ ಎಂದು ದಿನಗಟ್ಟಲೆ ಸರಿಸುತ್ತಿದ್ದರು. ಒಪ್ಪಿಗೆಯಾದ ಮೇಲಷ್ಟೇ ಅಂಟು.

ಈ ಕ್ರಮದಲ್ಲಿ ಚಿತ್ರಕಲೆಯ ಹಳೆಯ ಜಗಳವೊಂದು ಬಗೆಹರಿಯುತ್ತದೆ. ಗೆರೆ ಮೊದಲೋ ಬಣ್ಣ ಮೊದಲೋ ಎನ್ನುವುದು ಯುರೋಪಿನ ಅಕಾಡೆಮಿಗಳಲ್ಲಿ ಶತಮಾನಗಟ್ಟಲೆ ನಡೆದ ಜಗಳ. ಗೆರೆ ಎಳೆದು ಒಳಗೆ ಬಣ್ಣ ತುಂಬಿದರೆ ಬಣ್ಣ ಗೆರೆಯ ಒಕ್ಕಲು. ಬಣ್ಣ ಬಳಿದು ಗೆರೆ ಕರಗಿಸಿದರೆ ಗೆರೆ ಬಣ್ಣಕ್ಕೆ ಶರಣು. ಕತ್ತರಿ ಬಣ್ಣದ ಹಾಳೆಯೊಳಗೆ ನಡೆದಾಗ ಅದರ ದಾರಿಯೇ ಗೆರೆಯಾಗುತ್ತದೆ; ಗೆರೆ ಹುಟ್ಟಿದ ಗಳಿಗೆಯಲ್ಲಿಯೇ ಬಣ್ಣವೂ ಆಕಾರ ಪಡೆದಿರುತ್ತದೆ. ನಮ್ಮ ತೊಗಲುಗೊಂಬೆಯ ಕಲಾವಿದರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹದಮಾಡಿದ ಚರ್ಮದ ಹೊರ ಅಂಚು ಕತ್ತರಿಸುವುದು, ಒಳಗೆ ಉಳಿಯಿಂದ ತೂತು ಹೊಡೆದು ಒಡವೆ, ಜರಿ ಮೂಡಿಸುವುದು, ಬಣ್ಣ ಹಾಕಿ ದೀಪದ ಮುಂದೆ ಹಿಡಿಯುವುದು, ಇವೆಲ್ಲ ಒಂದೇ ಕೆಲಸದ ಭಾಗಗಳು. ತೂತು ಅಲ್ಲಿ ಕೊರತೆಯಲ್ಲ, ಬೆಳಕು ಬರುವ ಜಾಗ. ಒಮಾನಿಗಳು ತಲೆಗೆ ಹಾಕುವ ‘ಕುಮ್ಮ’ ಟೋಪಿಯ ಕಸೂತಿಯೂ ಹೀಗೆಯೇ: ದಾರ ಸುತ್ತಿ ಕಟ್ಟಿದ ಸಣ್ಣ ಸಣ್ಣ ರಂಧ್ರಗಳ ಸಾಲೇ ಚಿತ್ತಾರವಾಗುತ್ತದೆ, ಗಾಳಿಗೂ ದಾರಿಯಾಗುತ್ತದೆ.

ಕತ್ತರಿ ಅವನ ಕೈಯಲ್ಲಿ ಮೊದಲು ತುಂಬುಫಲ ಕೊಟ್ಟದ್ದು ‘ಜಾಝ್’ ಪುಸ್ತಕದಲ್ಲಿ. ಪ್ರಕಾಶಕ ತೇರಿಯಾದ್ 1947ರಲ್ಲಿ ಹೊರತಂದ ಈ ಪುಸ್ತಕದ ಇಪ್ಪತ್ತು ಚಿತ್ರಗಳಲ್ಲಿ ಹೆಚ್ಚಿನವನ್ನು ಮಾತೀಸ್ ಕತ್ತರಿಸಿದ್ದು 1943–44ರಲ್ಲಿ. ಸರ್ಕಸ್ಸು, ಕತ್ತಿ ನುಂಗುವವನು, ಹವಳದ ಆಕೃತಿಗಳು, ಉರಿಯುವ ಹಳದಿ. ವರ್ಷ ಯಾವುದೆಂದು ನೆನಪಿಟ್ಟುಕೊಂಡು ನೋಡಬೇಕು. ಫ್ರಾನ್ಸ್ ಜರ್ಮನರ ವಶದಲ್ಲಿತ್ತು. 1944ರ ವಸಂತದಲ್ಲಿ, ಪ್ರತಿರೋಧ ಚಳುವಳಿಯಲ್ಲಿದ್ದ ಅವನ ಮಗಳು ಮಾರ್ಗರೀತಳನ್ನೂ, ಆ ಹೊತ್ತಿಗೆ ಅವನಿಂದ ಬೇರೆಯಾಗಿದ್ದ ಹೆಂಡತಿಯನ್ನೂ ಗೆಸ್ಟಾಪೊ ಬಂಧಿಸಿತು; ಮಗಳಿಗೆ ಚಿತ್ರಹಿಂಸೆ ಕೊಟ್ಟರು. ಇಬ್ಬರೂ ಬದುಕಿ ಉಳಿದರು. ಪುಸ್ತಕದ ಪ್ರಸಿದ್ಧ ಚಿತ್ರ ‘ಇಕಾರಸ್’ನಲ್ಲಿ ಕಡುನೀಲಿಯ ಮೇಲೆ ಕಪ್ಪು ಮನುಷ್ಯಾಕೃತಿ ಕೈಚಾಚಿ ನಿಂತಿದೆ ಅಥವಾ ಬೀಳುತ್ತಿದೆ, ಎದೆಯಲ್ಲಿ ಒಂದು ಕೆಂಪು ಚುಕ್ಕೆ, ಸುತ್ತ ಮೊನಚಾದ ಹಳದಿ ಸಿಡಿತಗಳು. ಅವು ನಕ್ಷತ್ರಗಳೋ ಬಾಂಬಿನ ಸ್ಫೋಟಗಳೋ ಎನ್ನುವುದನ್ನು ಕತ್ತರಿ ತೀರ್ಮಾನಿಸುವುದಿಲ್ಲ. ಕುಂಚದಲ್ಲಾದರೆ ಒಂದಿಷ್ಟು ಹೊಗೆ, ಒಂದಿಷ್ಟು ನೆರಳು ಸೇರಿಸಿ ದುಃಖವನ್ನು ಸೂಚಿಸಬಹುದಿತ್ತು. ಕತ್ತರಿಸಿದ ಕಾಗದದಲ್ಲಿ ನೆರಳಿಗೆ ಜಾಗವಿಲ್ಲ. ಹಬ್ಬದ ಬಣ್ಣದಲ್ಲಿಯೇ ಭಯವನ್ನೂ ಹೇಳಬೇಕು. ಮಾತೀಸನನ್ನು ಸುಖದ ಚಿತ್ರಕಾರ, ಆರಾಮಕುರ್ಚಿಯ ಚಿತ್ರಕಾರ ಎಂದು ತಳ್ಳಿಹಾಕುವವರು ಈ ಪುಟದ ಮುಂದೆ ತುಸು ಹೊತ್ತು ನಿಲ್ಲಬೇಕು.

ಆದರೆ ಅಚ್ಚಾಗಿ ಬಂದ ‘ಜಾಝ್’ ನೋಡಿ ಮಾತೀಸನಿಗೆ ಸಮಾಧಾನವಾಗಲಿಲ್ಲ. ಅದೇ ಬಣ್ಣಗಳನ್ನು ಬಳಸಿ, ಕೊರೆದ ಅಚ್ಚುಗಳ ಮೂಲಕ ಕೈಯಿಂದಲೇ ಬಣ್ಣ ಬಳಿದಿದ್ದರೂ, ಕಾಗದದ ಮೇಲೆ ಕಾಗದ ಕೂತಾಗ ಏಳುವ ಅಂಚು, ಸಣ್ಣ ಸುಕ್ಕು, ಕತ್ತರಿಯ ತಡವರಿಕೆ ಎಲ್ಲ ಮಾಯವಾಗಿ ಚಿತ್ರ ಚಪ್ಪಟೆಯಾಗಿತ್ತು. ಈ ಅತೃಪ್ತಿಯಲ್ಲಿಯೇ ತಿರುವು ಇದೆ ಎಂದು ನನಗನಿಸುತ್ತದೆ. ಅಲ್ಲಿಯವರೆಗೆ ಕತ್ತರಿಸಿದ ಕಾಗದ ಮಾದರಿ, ಮುದ್ರಿತ ಪುಟ ಕೃತಿ. ಅಚ್ಚಾದ ಪುಟ ನೋಡಿದ ಮೇಲೆ ಮಾದರಿಯೇ ಕೃತಿ ಎಂದು ಅವನಿಗೆ ಕಂಡಿತು. ವಿನ್ಯಾಸಕಾರ ಮೇಜಿನ ಮೇಲೆ ಬಿಟ್ಟುಹೋದ ಕಾಗದವನ್ನು ಚಿತ್ರಕಾರ ಎತ್ತಿ ನೋಡಿ ‘ಇದೇ ಅಲ್ಲವೇ’ ಎಂದ ಹಾಗೆ. ನಮ್ಮಲ್ಲಿ ಹೆಚ್ಚಿನವರು ಈ ಚಿತ್ರಗಳನ್ನು ನೋಡುವುದು ಪುಸ್ತಕದಲ್ಲಿ ಅಥವಾ ಫೋನಿನ ಪರದೆಯಲ್ಲಿ. ಮಾತೀಸ್ ದೂರಿದ ಆ ಚಪ್ಪಟೆತನವನ್ನೇ ನಾವು ಮಾತೀಸ್ ಎಂದುಕೊಳ್ಳುವ ಅಪಾಯವಿದೆ.

1946ರಲ್ಲಿ ಪ್ಯಾರಿಸ್ಸಿನ ಮನೆಯ ಗೋಡೆಯ ಮೇಲಿನ ಕಲೆಯೊಂದನ್ನು ಮುಚ್ಚಲು ಅವನು ಬಿಳಿ ಕಾಗದದಲ್ಲಿ ಒಂದು ಹಕ್ಕಿ ಕತ್ತರಿಸಿ ಚುಚ್ಚಿದ. ಅದಕ್ಕೆ ಜೊತೆಯಾಗಿ ಮೀನು, ಹವಳ, ಪಾಚಿ ಸೇರುತ್ತ ಹೋಗಿ ಗೋಡೆ ತುಂಬಿತು. ಹದಿನಾರು ವರ್ಷ ಹಿಂದೆ, 1930ರಲ್ಲಿ, ತಾಹಿತಿ ದ್ವೀಪದಲ್ಲಿ ಕಂಡ ಸಮುದ್ರ ಅದು. ಅಲ್ಲಿದ್ದಾಗ ಅದರಿಂದ ದೊಡ್ಡದೇನನ್ನೂ ಮಾಡಿರಲಿಲ್ಲ. ಲಂಡನ್ನಿನ ಬಟ್ಟೆ ಮುದ್ರಕ ಝೀಕಾ ಆಷರ್ ಆ ಗೋಡೆಯನ್ನು ನಾರುಬಟ್ಟೆಯ ಮೇಲೆ ‘ಓಷಿಯಾನಿಯಾ’ ಎಂಬ ಎರಡು ಪಟಗಳಾಗಿ ಅಚ್ಚು ಹಾಕಿದ. ನೇಕಾರರ ಊರಿನ ಹುಡುಗ ಎಪ್ಪತ್ತು ದಾಟಿದ ಮೇಲೆ ಹೀಗೆ ಬಟ್ಟೆಗೇ ಬಂದ. ಬಿಳಿ ಈ ಪಟಗಳಲ್ಲಿ ಖಾಲಿ ಜಾಗವಲ್ಲ, ಆಕೃತಿಯೇ ಅದು. ಕಡಲು, ಉಪ್ಪುನೆಲ, ಸುಣ್ಣಕಲ್ಲು ಎಲ್ಲವೂ ಮಧ್ಯಾಹ್ನದ ಬಿಸಿಲಿಗೆ ಒಂದೇ ಬಿಳುಪಾಗುವ ದುಕ್ಮ್‌ನಲ್ಲಿ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಕಣ್ಣಿಗೆ ಮೊದಲು ಬೀಳುವುದು ವಸ್ತುವಲ್ಲ, ಅದನ್ನು ಕತ್ತರಿಸಿ ನಿಲ್ಲಿಸಿರುವ ಬೆಳಕು.

‘ಈಜುಕೊಳ’ದ ಕತೆಯೂ ಹೀಗೆಯೇ. 1952ರ ಬೇಸಿಗೆಯಲ್ಲಿ ಈಜುಗಾರರನ್ನು ನೋಡಬೇಕೆಂದು ಮಾತೀಸ್ ಕಾನ್ ನಗರದ ಕೊಳವೊಂದಕ್ಕೆ ಹೋದ. ಬಿಸಿಲು ತಡೆಯಲಾಗದೆ ಮರಳಿ, ನನ್ನ ಕೊಳ ನಾನೇ ಮಾಡಿಕೊಳ್ಳುತ್ತೇನೆ ಎಂದು ನೀಸ್‌ನ ಊಟದ ಕೋಣೆಯ ಗೋಡೆಗೆ, ತಲೆಯ ಎತ್ತರದಲ್ಲಿ, ಸುತ್ತಲೂ ಬಿಳಿ ಕಾಗದದ ಪಟ್ಟಿ ಹಚ್ಚಿಸಿದ. ಅದರ ಮೇಲೆ ನೀಲಿ ದೇಹಗಳು ಧುಮುಕುತ್ತವೆ, ಮುಳುಗುತ್ತವೆ, ಪಟ್ಟಿಯ ಅಂಚು ದಾಟಿ ಹೊರಗೂ ಜಿಗಿಯುತ್ತವೆ. ಕೆಲವು ಕಡೆ ನೀಲಿ ದೇಹ, ಬಿಳಿ ನೀರು. ಕೆಲವು ಕಡೆ ನೀಲಿಯೇ ನೀರಾಗಿ ದೇಹ ಬಿಳಿಯಲ್ಲಿ ಉಳಿಯುತ್ತದೆ. ಸುಮಾರು ಹದಿನಾರು ಮೀಟರ್ ಉದ್ದದ ಈ ಕೃತಿಯನ್ನು ಮಾಡಿದವನು ಎದ್ದು ನಾಲ್ಕು ಹೆಜ್ಜೆ ಹಾಕಲು ಕಷ್ಟಪಡುತ್ತಿದ್ದ ಎಂಬತ್ತೆರಡರ ಮುದುಕ. ಆದರೆ ಕೃತಿಯ ಬೆಲೆಯನ್ನು ಆ ಕಷ್ಟದಿಂದ ಅಳೆಯಬಾರದು. ಅಲ್ಲಿ ಕಾಣುವ ಧುಮುಕುವಿಕೆಗೆ ಅನುಕಂಪ ಬೇಕಾಗಿಲ್ಲ. ಮಾಡಿದವನ ಹೆಸರು, ವಯಸ್ಸು ತಿಳಿಯದೆ ನೋಡಿದವನಿಗೂ ಅದು ಧುಮುಕುವಿಕೆಯೇ.

ವಾಂಸ್‌ನ ಪ್ರಾರ್ಥನಾ ಮಂದಿರ ಈ ಎರಡನೆಯ ಬದುಕಿನ ಶಿಖರ ಎಂದು ಮಾತೀಸ್ ಸ್ವತಃ ಬಗೆದಿದ್ದ. 1942ರಲ್ಲಿ ಅವನನ್ನು ನೋಡಿಕೊಳ್ಳಲು ಬಂದ ಮೋನಿಕ್ ಬೂರ್ಜ್ವಾ ಎಂಬ ಯುವತಿ ಮುಂದೆ ಸನ್ಯಾಸ ಸ್ವೀಕರಿಸಿ ಸಿಸ್ಟರ್ ಜಾಕ್-ಮಾರಿ ಆದಳು. ತಮ್ಮ ಮಠಕ್ಕೆ ಪುಟ್ಟ ಮಂದಿರವೊಂದು ಬೇಕಿದೆ ಎಂಬ ಅವಳ ಮಾತಿನಿಂದ ಕೆಲಸ ಶುರುವಾಯಿತು. 1948ರಿಂದ 1951ರವರೆಗೆ ಅವನು ಕಿಟಕಿಯ ಗಾಜು, ಗೋಡೆಯ ಹೆಂಚಿನ ಚಿತ್ರ, ಪೂಜಾಪೀಠ, ಪಾದ್ರಿಗಳ ನಿಲುವಂಗಿ ಎಲ್ಲವನ್ನೂ ರೂಪಿಸಿದ. ಕಿಟಕಿಗಳಿಗೆ ಮೂರೇ ಬಣ್ಣ: ಹಳದಿ, ಹಸಿರು, ನೀಲಿ. ಗೋಡೆಯ ಹೆಂಚುಗಳಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಮಾತ್ರ. ಸೂರ್ಯ ಏರಿದಂತೆ ಗಾಜಿನ ಬಣ್ಣ ಹೋಗಿ ಆ ಬಿಳಿ ಹೆಂಚುಗಳ ಮೇಲೆ ಬೀಳುತ್ತದೆ. ದಕ್ಷಿಣ ಕನ್ನಡದವರಿಗೆ ದೀಪಾವಳಿಯ ಗೂಡುದೀಪ ನೆನಪಾಗದೆ ಇರಲಾರದು. ಬಿದಿರಿನ ಕಡ್ಡಿಗೆ ಅಂಟಿಸಿದ ಬಣ್ಣದ ಕಾಗದದಲ್ಲಿ ಕತ್ತರಿಸಿದ ಹೂವು ಹಗಲಿನಲ್ಲಿ ಬರೀ ಕಾಗದ. ಒಳಗೆ ದೀಪ ಹೊತ್ತಿದಾಗ ಅಂಗಳದ ಗೋಡೆ ಬಣ್ಣವಾಗುತ್ತದೆ. ಗೂಡುದೀಪ ಕಟ್ಟಿದವನನ್ನು ನಾವು ಕಲಾವಿದ ಎನ್ನುವುದಿಲ್ಲ. ಮಾತೀಸ್ ಅದೇ ಕೆಲಸವನ್ನು ಗಾಜಿನಲ್ಲಿ ಮಾಡಿ, ಅದನ್ನು ತನ್ನ ಜೀವಮಾನದ ಶ್ರೇಷ್ಠ ಕೃತಿ ಎಂದ. 1951ರ ಜೂನ್ 25ರಂದು ಮಂದಿರದ ಪ್ರತಿಷ್ಠೆಯಾದಾಗ ಆರೋಗ್ಯವಿಲ್ಲದೆ ಅಲ್ಲಿಗೆ ಹೋಗಲಾಗಲಿಲ್ಲ.

ಈ ಕತ್ತರಿಚಿತ್ರಗಳನ್ನು ಮೊದಲು ನೋಡಿದವರೆಲ್ಲ ಮೆಚ್ಚಲಿಲ್ಲ. ಮುದುಕನ ಕಾಲಹರಣ, ಅಲಂಕಾರದ ಆಟ ಎಂದವರಿದ್ದರು. ಈ ತಾತ್ಸಾರದ ಬೇರು ಕಲೆ ಮೇಲು, ಕಸುಬು ಕೀಳು ಎಂಬ ಎಣಿಕೆಯಲ್ಲಿದೆ, ಮತ್ತು ಅದು ನಮಗೆ ಹೊಸದಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬೈಯಲ್ಲಿ ಸಿನಿಮಾ ಪ್ರಚಾರದ ಚಿತ್ರಗಳನ್ನೂ, ಸಿನಿಮಾ ಪತ್ರಿಕೆಯ ಮುಖಪುಟಗಳನ್ನೂ, ಕ್ಯಾಲೆಂಡರುಗಳನ್ನೂ ಬರೆದು ದೇಶದ ಮನೆಮನೆಯ ಗೋಡೆ ತಲುಪಿದರು. ಬದುಕಿನ ಉತ್ತರಾರ್ಧದಲ್ಲಿ ಊರಿಗೆ ಮರಳಿ ಪುರಾಣದ ಪ್ರಸಂಗಗಳ ದೊಡ್ಡ ತೈಲಚಿತ್ರಗಳಲ್ಲಿ ತೊಡಗಿದರು, 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಆದರೆ ನಮ್ಮ ಆಧುನಿಕ ಕಲಾವಿಮರ್ಶೆಯಲ್ಲಿ ‘ಕ್ಯಾಲೆಂಡರ್ ಕಲೆ’ ಎನ್ನುವುದು ಬಹುಕಾಲ ಬೈಗುಳವಾಗಿಯೇ ಇತ್ತು. ಪಂಡಿತರ ನಂತರದ ತೈಲಚಿತ್ರಗಳಲ್ಲಿ ಆಕೃತಿ ಬೆಳಕಿಗೆ ಬರುವ ರೀತಿ, ದೂರದಿಂದ ನೋಡುವವನನ್ನೂ ಹಿಡಿದು ನಿಲ್ಲಿಸುವ ಕಟ್ಟು, ಇವು ಅವರು ಪೋಸ್ಟರಿನಲ್ಲಿ ಕಲಿತದ್ದು. ಆ ಕಸುಬನ್ನು ಕಳೆದು ಕಲೆಯನ್ನು ಮಾತ್ರ ಉಳಿಸಿಕೊಳ್ಳಲು ಹೊರಟರೆ ಕೈಯಲ್ಲಿ ಉಳಿಯುವುದು ಕಡಿಮೆ.

ಕಾಯಿಲೆ ಮತ್ತು ಕತ್ತರಿ ಎರಡೂ ಕೂಡಿದ ಇನ್ನೊಂದು ಬದುಕು ಶಾಂತಿನಿಕೇತನದಲ್ಲಿತ್ತು. 1904ರಲ್ಲಿ ಹುಟ್ಟಿದ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ಎಳವೆಯಿಂದಲೇ ದೃಷ್ಟಿ ಮಂದ. ಅಷ್ಟಿದ್ದೂ 1946–47ರಲ್ಲಿ ಅಲ್ಲಿನ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬೃಹತ್ ಭಿತ್ತಿಚಿತ್ರ ಬರೆದರು. 1957ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಪೂರ್ಣ ಕುರುಡಾದರು. ಆಮೇಲೆ ಅವರು ಮಾಡಿದ್ದು ಬೆರಳಿಗೆ ಸಿಗುವ ಕಲೆ: ಮಡಿಸಿದ ಕಾಗದ, ಕತ್ತರಿಸಿದ ಕಾಗದ, ಸಣ್ಣ ಗೊಂಬೆಗಳು, ಗೆರೆಚಿತ್ರ. 1972ರಲ್ಲಿ ಕಲಾಭವನದ ಹೊರಗೋಡೆಗೆ ಹೆಂಚಿನ ಭಿತ್ತಿಚಿತ್ರವೊಂದನ್ನೂ ಮಾಡಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ ಅದೇ ವರ್ಷ ಅವರ ಕುರಿತು ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರ ತೆಗೆದರು. ಬಿನೋದ್ ಬಿಹಾರಿಯವರ ಕಾಗದದ ಕೆಲಸವನ್ನು ಮಾತೀಸನ ಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಮಾತೀಸನ ಕಾಗದ ಗೋಡೆ ತುಂಬುತ್ತದೆ. ಇವರದು ಅಂಗೈಗೆ ಹತ್ತಿರ. ಅಲ್ಲಿ ಬಣ್ಣ ಸಾಕ್ಷಿ. ಇಲ್ಲಿ ಅಂಚು ಸಾಕ್ಷಿ, ಏಕೆಂದರೆ ಮಾಡಿದವರು ಮುಟ್ಟಿ ಓದಬಹುದಾದದ್ದು ಅಂಚನ್ನು ಮಾತ್ರ. ಆದರೆ ಇಬ್ಬರಿಗೂ ಒಂದು ಸಾಮಾನ್ಯ ಗುಣವಿದೆ. ಕಳೆದುಹೋದ ಶಕ್ತಿಯ ನಕಲು ಮಾಡಲು ಇಬ್ಬರೂ ಹೋಗಲಿಲ್ಲ. ಕೈಗೆ ಉಳಿದದ್ದು ಏನು ಎಂದು ಕೇಳಿಕೊಂಡರು. ಉಳಿದದ್ದರ ವ್ಯಾಕರಣ ಹುಡುಕಿದರು.

ಇಷ್ಟಾದ ಮೇಲೆ ಒಂದೆರಡು ಕಹಿ ಮಾತುಗಳನ್ನೂ ಹೇಳಬೇಕು. ಮಾತೀಸನ ಎಲ್ಲ ಕತ್ತರಿಚಿತ್ರಗಳೂ ಒಂದೇ ತೂಕದವಲ್ಲ. ಪಾಚಿಯಂಥ ಎಲೆಯ ಆಕೃತಿಯೊಂದು ಅವನ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಕೊನೆಯ ವರ್ಷಗಳಲ್ಲಿ ಬೇಡಿಕೆಯ ಮೇಲೆ ಮಾಡಿಕೊಟ್ಟ ಕೆಲವು ಅಲಂಕರಣಗಳಲ್ಲಿ ಆ ಎಲೆ ಮುದ್ರೆಯೊತ್ತಿದಂತೆ ಬರುತ್ತದೆ. ಅದರ ಎದುರಿಗೆ 1953ರ ‘ಬಸವನಹುಳು’ವನ್ನು ಇಟ್ಟು ನೋಡಬೇಕು. ಹೆಚ್ಚುಕಡಿಮೆ ಮೂರು ಮೀಟರ್ ಚೌಕದಲ್ಲಿ ಒರಟಾಗಿ ಕತ್ತರಿಸಿದ, ಹರಿದ ಬಣ್ಣದ ತುಂಡುಗಳು ಸುರುಳಿಯಾಗಿ ನಡೆಯುತ್ತವೆ. ಎಲೆಯೂ ಇಲ್ಲ, ಚೆಲುವಾದ ಬಾಗೂ ಇಲ್ಲ. ಕೈಯ ಅಭ್ಯಾಸವನ್ನೇ ಕತ್ತರಿಸಿ ಹಾಕಿದ ಕೃತಿ ಅದು.

ಎರಡನೆಯದು, ಚೇತರಿಕೆಗೂ ಬೆಲೆಯಿದೆ. ಮಾತೀಸನಿಗೆ ಹೆಸರಿತ್ತು, ಹಣವಿತ್ತು, ನೀಸ್‌ನ ಹಳೆಯ ಹೋಟೆಲ್ ಕಟ್ಟಡದಲ್ಲಿ ವಿಶಾಲವಾದ ಕೋಣೆಗಳಿದ್ದವು. 1932ರಲ್ಲಿ ಸಹಾಯಕಿಯಾಗಿ ಬಂದ ರಷ್ಯಾ ಮೂಲದ ಲಿದಿಯಾ ದೆಲೆಕ್ತೋರ್ಸ್ಕಯಾ ಅವನ ಕೊನೆಯವರೆಗೂ ಇಡೀ ಕಾರ್ಯಾಗಾರವನ್ನು ನಡೆಸಿದಳು. ಏಣಿ ಹತ್ತಿ ಕಾಗದ ಚುಚ್ಚಿದವರು, ಹಾಳೆಗೆ ಬಣ್ಣ ಬಳಿದವರು ಯುವತಿಯರು. ಹಾಸಿಗೆಯಲ್ಲಿದ್ದ ಒಬ್ಬ ಗಂಡಸಿನ ಪುನರ್ಜನ್ಮ ಎಂದು ನಾವು ಹೇಳುವ ಕತೆಯಲ್ಲಿ ನಿಂತುಕೊಂಡು ದುಡಿದ ಈ ಹೆಂಗಸರ ಕೈಗಳೂ ಸೇರಿವೆ. ದುಕ್ಮ್‌ನಂಥ ಊರಿನಲ್ಲಿ ದುಡಿಯುವವನಿಗೆ ದೊಡ್ಡ ಕಾಯಿಲೆ ಬಂದರೆ ಕೆಲಸ, ವಸತಿ, ವೀಸಾ ಮೂರೂ ಒಟ್ಟಿಗೆ ಅಲುಗಾಡುತ್ತವೆ. ಊರಿಗೆ ಮರಳುವುದು ಅವನಿಗೆ ಕಲೆಗೆ ಮರಳುವುದಲ್ಲ. ಸಾಲದ ಕಂತಿಗೆ, ಹೆಂಡತಿ ಮಕ್ಕಳ ಆತಂಕಕ್ಕೆ ಮರಳುವುದು. ಮಾತೀಸನನ್ನು ಇಂಥವರಿಗೆ ಸ್ಫೂರ್ತಿಯ ಗುಳಿಗೆಯಾಗಿ ಕೊಡುವುದು ಕ್ರೂರವಾದೀತು.

ಹಾಗಾದರೆ ಏನನ್ನು ಕೊಡಬಹುದು? ನನಗೆ ತೋರುವ ಉತ್ತರ ಸಣ್ಣದು. ನಿವೃತ್ತಿಯ ನಂತರಕ್ಕೆ, ಊರಿಗೆ ಹೋದ ನಂತರಕ್ಕೆ, ದೇವರು ಆಯುಷ್ಯ ಕೊಟ್ಟರೆ ಎಂಬ ಷರತ್ತಿನ ನಂತರಕ್ಕೆ ಕಲೆಯನ್ನು ಎತ್ತಿಟ್ಟವರು ದಿನವೂ ಪರದೆಯ ಮೇಲೆ ಎಳೆಯುತ್ತಿರುವ ಗೆರೆ ಅವರ ಶತ್ರುವಲ್ಲ. ಕೊಳವೆಗಳ ನಕ್ಷೆ ಬರೆಯುವವನಿಗೆ ಒಂದು ಗೆರೆ ಇನ್ನೊಂದರ ಹಿಂದೆ ಹೋಗುವಾಗ ಎಲ್ಲಿ ಕಡಿಯಬೇಕು ಎಂದು ಗೊತ್ತು. ಬೋರ್ಡು ಬರೆಯುವವನಿಗೆ ಎರಡು ಅಕ್ಷರಗಳ ನಡುವೆ ಎಷ್ಟು ಖಾಲಿ ಬಿಟ್ಟರೆ ಅಕ್ಷರ ಉಸಿರಾಡುತ್ತದೆ ಎಂದು ಗೊತ್ತು. ಕಸುಬಿನ ಈ ತಿಳಿವು ಕಲೆಯ ಹೊರಬಾಗಿಲಲ್ಲಿ ಚಪ್ಪಲಿಯ ಹಾಗೆ ಬಿಟ್ಟು ಬರಬೇಕಾದದ್ದಲ್ಲ. ಮಾತೀಸ್ ಅದನ್ನು ಒಳಗೆ ತಂದ. ತಂದದ್ದು ಎಪ್ಪತ್ತು ದಾಟಿದ ಮೇಲೆ, ಬೇರೆ ದಾರಿಗಳು ಒಂದೊಂದಾಗಿ ಮುಚ್ಚಿಕೊಂಡಾಗ. ಮುಚ್ಚಿಕೊಳ್ಳುವವರೆಗೆ ಎಲ್ಲರೂ ಕಾಯಬೇಕೆಂದಿಲ್ಲ.

2014ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ, ಆಮೇಲೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಈ ಕತ್ತರಿಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಲಂಡನ್ನಿನಲ್ಲಿ ಮಾತ್ರವೇ ಐದು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ನ್ಯೂಯಾರ್ಕಿನಲ್ಲಿ ಎರಡು ದಶಕ ತೆರೆಯ ಹಿಂದೆ ಇದ್ದ ‘ಈಜುಕೊಳ’ ದುರಸ್ತಿಯಾಗಿ ಮತ್ತೆ ಹೊರಬಂತು. ಹತ್ತಿರ ನಿಂತು ನೋಡಿದರೆ ಈ ಕಾಗದಗಳಲ್ಲಿ ಗುಂಡುಪಿನ್ನಿನ ತೂತುಗಳು ಕಾಣುತ್ತವೆ. ಒಂದೇ ತುಂಡಿನಲ್ಲಿ ಹಲವು. ಪ್ರತಿಯೊಂದು ತೂತೂ ಆ ತುಂಡು ಒಮ್ಮೆ ಬೇರೆಲ್ಲೋ ಇತ್ತು, ಅಲ್ಲಿ ಸರಿ ಕಾಣಲಿಲ್ಲ, ತೆಗೆದು ಬೇರೆ ಕಡೆ ಚುಚ್ಚಿ ನೋಡಿದರು ಎನ್ನುವುದರ ಗುರುತು. ಸಂರಕ್ಷಕರು ಅವನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ.